ಹಗ್ಗದ ಅಟ್ಟೆಯ ಎಸ್ಪಡ್ರಿಲ್: ಹುಟ್ಟಿದ್ದೆಲ್ಲಿ, ಇಂದಿಗೂ ಬೇಕೆನಿಸುವುದೇಕೆ?

ಬಿಸಿಲುಕುದುರೆ

ಕಳೆದ ವರ್ಷ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಒಂದು ಜೊತೆ ಎಸ್ಪಡ್ರಿಲ್ ಕೊಂಡಿದ್ದೆ. ಮೇಲೆ ದಪ್ಪ ಹತ್ತಿಯ ಬಟ್ಟೆ, ಕೆಳಗೆ ಹಗ್ಗದ ಅಟ್ಟೆ, ಅದರ ತಳಕ್ಕೆ ತೆಳ್ಳಗಿನ ರಬ್ಬರು. ಕೈಯಲ್ಲಿ ಹಿಡಿದರೆ ತೂಕವೇ ತಿಳಿಯುತ್ತಿರಲಿಲ್ಲ. ಒಂದೂವರೆ ತಿಂಗಳು ಅದನ್ನು ಬಿಟ್ಟು ಬೇರೇನನ್ನೂ ಮೆಟ್ಟಲಿಲ್ಲ. ಮೇ ಕೊನೆಯ ವಾರದ ಒಂದು ಸಂಜೆ, ಬಸ್ಸಿಳಿದು ಮನೆಗೆ ನಡೆಯುವ ಹತ್ತು ನಿಮಿಷದಲ್ಲಿ ಮಳೆ ಹಿಡಿದುಕೊಂಡಿತು. ಮನೆ ಸೇರುವ ಹೊತ್ತಿಗೆ ಅಟ್ಟೆ ನೀರು ಕುಡಿದು ಊದಿಕೊಂಡು, ಅಂಚಿನ ಹೊಲಿಗೆ ಸಡಿಲವಾಗಿ, ಒದ್ದೆ ಗೋಣಿಚೀಲದ ವಾಸನೆ ಬರತೊಡಗಿತ್ತು. ಎರಡು ದಿನ ಒಣಗಿಸಿದ ಮೇಲೆ ಒಂದು ಕಾಲಿನದು ದೋಣಿಯಂತೆ ಬಾಗಿತು, ಇನ್ನೊಂದು ಚಪ್ಪಟೆಯಾಗಿ ಹರಡಿಕೊಂಡಿತು. ಅಂಗಡಿಯವರನ್ನು ಕೇಳಿದರೆ, ಇದು ಮಳೆಗಾಲದ ವಸ್ತುವಲ್ಲವೆಂದು ಹೇಳಿ ಕಳುಹಿಸಿದರು. ಮಾರುವಾಗ ಆ ಮಾತು ಅವರಿಗೆ ನೆನಪಾಗಿರಲಿಲ್ಲ.

ಎಸೆಯುವ ಮುನ್ನ ಕುತೂಹಲಕ್ಕೆಂದು ಒಂದರ ರಬ್ಬರನ್ನು ಬ್ಲೇಡಿನಿಂದ ಬಿಡಿಸಿ ನೋಡಿದೆ. ಬಿಂದಿಗೆಯ ಕೆಳಗಿಡುವ ಸಿಂಬೆಯನ್ನು ಪಾದದ ಆಕಾರಕ್ಕೆ ಎಳೆದಂತೆ, ಜಡೆಯಾಗಿ ಹೆಣೆದ ಉದ್ದನೆಯ ಹುರಿಯೊಂದು ಒಳಗೆ ಸುತ್ತಿಕೊಂಡಿತ್ತು. ಈ ಬದಿಯಿಂದ ಆ ಬದಿಗೆ ಅಡ್ಡಲಾಗಿ ದಾರ ತೂರಿಸಿ ಸುತ್ತುಗಳನ್ನು ಬಿಗಿದಿದ್ದರು. ದಾರ ಕತ್ತರಿಸಿ ಬಿಚ್ಚುತ್ತ ಹೋದರೆ ಹುರಿಯ ತುದಿ ಅಡುಗೆಮನೆಯಿಂದ ಹೊರಟು ಹೊರಬಾಗಿಲನ್ನು ದಾಟಿತು.

ನನ್ನ ಪ್ರಶ್ನೆ ಇಷ್ಟೇ. ಒಂದು ಮಳೆಯನ್ನೂ ತಾಳದ ಈ ಪಾದರಕ್ಷೆ ಸ್ಪೇನ್ ಮತ್ತು ಫ್ರಾನ್ಸಿನಲ್ಲಿ ಶತಮಾನಗಳಿಂದ ಬಳಕೆಯಲ್ಲಿದೆ ಎನ್ನುತ್ತಾರೆ. ಇದರ ಹುಟ್ಟು ಎಲ್ಲಿಯದು, ಚರ್ಮ ಮತ್ತು ರಬ್ಬರಿನ ಮುಂದೆ ಇದು ಹೇಗೆ ಉಳಿದುಕೊಂಡಿತು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಪದಕೋಶ

ಹುಟ್ಟಿನ ಅರ್ಧ ಕಥೆ ಹೆಸರಿನಲ್ಲೇ ಇದೆ. ಎಸ್ಪಡ್ರಿಲ್ ಎಂಬುದು ಫ್ರೆಂಚ್ ರೂಪ. ಅದಕ್ಕೆ ಮೂಲವಾದದ್ದು ದಕ್ಷಿಣ ಫ್ರಾನ್ಸಿನ ಆಕ್ಸಿತಾನ್ ನುಡಿಯ ಪದ. ಅದರ ಸೋದರ ಪದವಾದ ಎಸ್ಪರ್ದೆನ್ಯ ಇಂದಿಗೂ ಈಶಾನ್ಯ ಸ್ಪೇನಿನ ಕ್ಯಾಟಲಾನ್ ಭಾಷೆಯಲ್ಲಿ ಬಳಕೆಯಲ್ಲಿದೆ. ಎರಡರ ಬೇರೂ ಎಸ್ಪಾರ್ತೊ ಎಂಬ ಹುಲ್ಲಿನ ಹೆಸರಿನಲ್ಲಿದೆ. ಆಗ್ನೇಯ ಸ್ಪೇನಿನ ಒಣ ಗುಡ್ಡಗಳಲ್ಲೂ ಉತ್ತರ ಆಫ್ರಿಕಾದಲ್ಲೂ ತಾನೇ ತಾನಾಗಿ ಬೆಳೆಯುವ, ನಮ್ಮ ಕಡೆಯ ಬಾದೆ ಹುಲ್ಲಿನಂತೆ ಗುಂಪುಗುಂಪಾಗಿ ನಿಲ್ಲುವ ಗಡುಸು ಹುಲ್ಲು ಅದು. ಗ್ರೀಕರು ಅದನ್ನು ಸ್ಪಾರ್ತೊನ್ ಎಂದರು, ರೋಮನ್ನರು ಸ್ಪಾರ್ತುಮ್ ಎಂದರು.

ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯಲ್ಲಿ ಈ ಹುಲ್ಲನ್ನು ಸಾಕಷ್ಟು ವಿವರವಾಗಿಯೇ ಹೇಳಿದ್ದಾನೆ. ಇಂದಿನ ಕಾರ್ತಹೇನಾ ಪಟ್ಟಣದ ಸುತ್ತಲಿನ ಹಳ್ಳಿಗರು ಇದರಿಂದಲೇ ಹಾಸಿಗೆ ಮಾಡಿಕೊಳ್ಳುತ್ತಾರೆ, ಬೆಂಕಿ ಹೊತ್ತಿಸುತ್ತಾರೆ, ಪಂಜು ಕಟ್ಟುತ್ತಾರೆ, ಪಾದರಕ್ಷೆ ಹೆಣೆಯುತ್ತಾರೆ, ಕುರಿಗಾಹಿಗಳು ಇದನ್ನೇ ಉಡುತ್ತಾರೆ ಎಂಬುದು ಅವನ ಮಾತಿನ ಸಾರ. ಇದನ್ನು ಕೊಯ್ಯುವುದಿಲ್ಲ, ಕೀಳುತ್ತಾರೆ; ಕೈ ಸೀಳದಂತೆ ಹುಲ್ಲಿನ ತುದಿಯನ್ನು ಮೂಳೆಯ ಅಥವಾ ಮರದ ಕಡ್ಡಿಗೆ ಸುತ್ತಿ ಎಳೆಯುತ್ತಾರೆ ಎಂದೂ ಬರೆದಿದ್ದಾನೆ. ಆ ಪ್ರದೇಶದಲ್ಲಿ ಉಳಿದಿರುವ ಬೆರಳೆಣಿಕೆಯ ಎಸ್ಪಾರ್ತೊ ಕೆಲಸಗಾರರು ಇವತ್ತಿಗೂ ಚಿಕ್ಕ ಕಡ್ಡಿಗೆ ಸುತ್ತಿಯೇ ಈ ಹುಲ್ಲನ್ನು ಕೀಳುತ್ತಾರೆ.

ಸ್ಪ್ಯಾನಿಷ್ ಮಾತನಾಡುವವರು ಮಾತ್ರ ಇದನ್ನು ಅಲ್ಪಾರ್ಗಾತ ಎನ್ನುತ್ತಾರೆ. ಆ ಪದ ಸ್ಪೇನಿನಲ್ಲಿ ನೆಲೆಸಿದ್ದ ಅರಬರ ಬಾಯಲ್ಲಿ ರೂಪುಗೊಂಡದ್ದು. ಮೊದಲಿನ 'ಅಲ್' ಅರಬ್ಬಿಯ ನಿರ್ದೇಶಕ ಪ್ರತ್ಯಯ. ಉಳಿದ ಭಾಗ ರೋಮನ್ನರಿಗೂ ಹಿಂದಿನ ಸ್ಥಳೀಯ ನುಡಿಯದಾಗಿರಬಹುದೆಂದು ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಸೂಚಿಸುತ್ತದೆ. ಒಂದೇ ಮೆಟ್ಟಿಗೆ ಫ್ರೆಂಚ್, ಕ್ಯಾಟಲಾನ್ ನುಡಿಗಳಲ್ಲಿ ಹುಲ್ಲಿನ ಹೆಸರು, ಸ್ಪ್ಯಾನಿಷ್ ನುಡಿಯಲ್ಲಿ ಅರಬ್ಬಿ ವೇಷದ ಹೆಸರು ಇರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಉತ್ಖನನ

ಪದಕೋಶ ಅವರ ಮಾತಿಗೆ ಮಣ್ಣಿನಡಿಯ ಸಾಕ್ಷ್ಯವೊಂದನ್ನು ಸೇರಿಸುತ್ತೇನೆ. ಸ್ಪೇನಿನ ಗ್ರನಾದಾ ಪ್ರಾಂತದ ಅಲ್ಬುನ್ಯೋಲ್ ಎಂಬ ಊರಿನ ಹತ್ತಿರ ಬಾವಲಿಗಳ ಗುಹೆ ಎಂದೇ ಹೆಸರಾದ ಒಂದು ಗುಹೆಯಿದೆ. 1857ರಲ್ಲಿ ಅದಿರು ತೆಗೆಯಲು ಹೋದವರು ಅಲ್ಲಿ ಒಣಗಿದ ಹೆಣಗಳನ್ನೂ ಹುಲ್ಲಿನ ಬುಟ್ಟಿ ಹಾಗೂ ಮೆಟ್ಟುಗಳನ್ನೂ ಕಂಡರು. ಅಗೆಯುವವರ ಕೈಯಲ್ಲಿ ಬಹಳಷ್ಟು ಹಾಳಾಯಿತು. ಉಳಿದದ್ದನ್ನು ಮಾನ್ವೆಲ್ ದೆ ಗೊಂಗೊರಾ ಎಂಬ ವಿದ್ವಾಂಸ ಸಂಗ್ರಹಿಸಿ 1868ರಲ್ಲಿ ಪ್ರಕಟಿಸಿದ. ಗುಹೆಯೊಳಗಿನ ಗಾಳಿ ಅತ್ಯಂತ ಒಣದಾಗಿದ್ದುದರಿಂದ, ಬೇರೆಡೆ ಎಂದೋ ಮಣ್ಣಾಗಿ ಹೋಗುತ್ತಿದ್ದ ಹುಲ್ಲಿನ ವಸ್ತುಗಳು ಅಲ್ಲಿ ಉಳಿದುಕೊಂಡಿದ್ದವು.

2023ರಲ್ಲಿ ಪ್ರಕಟವಾದ ಕಾಲನಿರ್ಣಯದ ಪ್ರಕಾರ ಅಲ್ಲಿನ ಕೆಲವು ಬುಟ್ಟಿಗಳು ಸುಮಾರು 9,500 ವರ್ಷಗಳಷ್ಟು ಹಳೆಯವು, ಎಸ್ಪಾರ್ತೊ ಮೆಟ್ಟುಗಳು ಸುಮಾರು 6,200 ವರ್ಷಗಳಷ್ಟು ಹಳೆಯವು. ಇಪ್ಪತ್ತಕ್ಕೂ ಹೆಚ್ಚು ಮೆಟ್ಟುಗಳಲ್ಲಿ ಕೆಲವು ಸವೆದಿವೆ, ಕೆಲವನ್ನು ಒಮ್ಮೆಯೂ ಮೆಟ್ಟಿದಂತಿಲ್ಲ. ಸತ್ತವರ ಜೊತೆಗೆ ಹೊಸ ಜೋಡಿಯನ್ನು ಇಟ್ಟಿರಬಹುದು.

ಆದರೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಮಾರಾಟಗಾರರು ಈ ಸುದ್ದಿಯನ್ನು ಹಿಡಿದುಕೊಂಡು, ಎಸ್ಪಡ್ರಿಲ್ಲಿಗೆ ಆರು ಸಾವಿರ ವರ್ಷಗಳ ಅಖಂಡ ಪರಂಪರೆಯಿದೆ ಎಂದು ಜಾಹೀರಾತು ಕೊಡುತ್ತಿದ್ದಾರೆ. ಗುಹೆಯ ಮೆಟ್ಟುಗಳಿಗೆ ಬಟ್ಟೆಯ ಮೇಲ್ಭಾಗ ಇಲ್ಲ. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವೆ ಹಾಯಿಸಬಹುದಾದ ನಾರಿನ ಎಳೆಗಳೂ ಕಣಕಾಲಿಗೆ ಸುತ್ತಿ ಕಟ್ಟಬಹುದಾದ ಜಡೆಯೂ ಇವೆ. ಅವು ಹುಲ್ಲಿನ ಚಪ್ಪಲಿಗಳೇ ಹೊರತು ಇಂದಿನ ಅರ್ಥದ ಎಸ್ಪಡ್ರಿಲ್ ಅಲ್ಲ. ಅದೇ ಹುಲ್ಲು, ಅದೇ ನಾಡು, ಅದೇ ಬಗೆಯ ಕೈಚಳಕ ಎಂಬಷ್ಟನ್ನು ಒಪ್ಪಬಹುದು. ನಡುವಿನ ಸಾವಿರಾರು ವರ್ಷಗಳನ್ನು ನಮ್ಮ ಕಲ್ಪನೆಯಿಂದ ತುಂಬಿಸಬಾರದು.

ಬಿಸಿಲುಕುದುರೆ

ಉತ್ಖನನ ಅವರಿಗೆ ಧನ್ಯವಾದಗಳು. ಹಾಗಾದರೆ ಎಸ್ಪಡ್ರಿಲ್ ಎನ್ನಿಸಿಕೊಳ್ಳಲು ಇರಬೇಕಾದ ಲಕ್ಷಣ ಯಾವುದು? ಹುಲ್ಲೇ ಎನ್ನುವುದಾದರೆ ನಾನು ಬಿಚ್ಚಿದ್ದು ಹುಲ್ಲಾಗಿರಲಿಲ್ಲ. ಅದು ಅಪ್ಪಟ ಗೋಣಿನಾರು.

ದಬ್ಬಣ

ನಮ್ಮ ಮನೆತನದವರು ಅಥಣಿಯ ಕಡೆ ಮೂರು ತಲೆಮಾರಿನಿಂದ ಚರ್ಮದ ಚಪ್ಪಲಿ ಮಾಡುವವರು. ಆ ಕಣ್ಣಿನಿಂದ ನೋಡಿ ಹೇಳುತ್ತೇನೆ. ಇದರ ಗುಟ್ಟು ನಾರಿನಲ್ಲಿಲ್ಲ, ಹೊಲಿಗೆಯಲ್ಲಿದೆ.

ಚರ್ಮದ ಅಟ್ಟೆ ಹಾಳೆಯಿಂದ ಕತ್ತರಿಸಿ ತೆಗೆದದ್ದು. ಕತ್ತರಿಸಿದ ಮೇಲೆ ಚೂರುಪಾರು ಉಳಿಯುತ್ತದೆ. ಹಗ್ಗದ ಅಟ್ಟೆ ಕತ್ತರಿಸಿದ್ದಲ್ಲ, ಸುತ್ತಿ ಬೆಳೆಸಿದ್ದು. ನಡುವಿನಿಂದ ಶುರುಮಾಡಿ ಎಷ್ಟು ಸುತ್ತು ಬೇಕೋ ಅಷ್ಟು ಸುತ್ತಿದರೆ ಅಳತೆ ತಾನಾಗಿ ಬರುತ್ತದೆ, ವ್ಯರ್ಥವೆಂಬುದೇ ಇಲ್ಲ. ಆ ಮೇಲೆ ಉದ್ದನೆಯ ಸೂಜಿಯಿಂದ ಪಕ್ಕದಿಂದ ಪಕ್ಕಕ್ಕೆ ತೂರಿಸಿ ಬಿಗಿಯುತ್ತಾರೆ. ಬಿಸಿಲುಕುದುರೆಯವರು ಕತ್ತರಿಸಿದ್ದು ಆ ದಾರವನ್ನೇ. ಕೊನೆಯಲ್ಲಿ ಬಟ್ಟೆಯ ಮುಂಭಾಗವನ್ನೂ ಹಿಮ್ಮಡಿಯ ಭಾಗವನ್ನೂ ಅಟ್ಟೆಯ ಅಂಚಿನ ಹಗ್ಗಕ್ಕೇ ಹಿಡಿದು ಹೊಲಿಯುತ್ತಾರೆ. ನಾವು ಗೋಣಿಚೀಲದ ಬಾಯಿ ಹೊಲಿಯುವ ದಬ್ಬಣದಂಥ ದಪ್ಪ ಸೂಜಿ, ಅಂಗೈಗೆ ಚುಚ್ಚದಂತೆ ಚರ್ಮದ ಪಟ್ಟಿ, ಮೇಣ ಹಚ್ಚಿದ ದಾರ ಇಷ್ಟಿದ್ದರೆ ಸಾಕು. ಅಂಟು ಬೇಡ, ಮೊಳೆ ಬೇಡ. ಅಂಚಿನಲ್ಲಿ ಸಾಲಾಗಿ ಕಾಣುವ ಆ ಓರೆ ಹೊಲಿಗೆ ಅಲಂಕಾರಕ್ಕಾಗಿ ಹಾಕಿದ್ದಲ್ಲ. ಇಡೀ ಪಾದರಕ್ಷೆಯನ್ನು ಹಿಡಿದಿಟ್ಟಿರುವುದು ಅದೊಂದೇ. ಹಗ್ಗದ ಅಟ್ಟೆ ಮತ್ತು ಅದರ ಅಂಚಿಗೆ ಹೊಲಿದ ಬಟ್ಟೆ, ಇವೆರಡಿದ್ದರೆ ನಾರು ಯಾವುದೇ ಆಗಿರಲಿ, ಅದು ಎಸ್ಪಡ್ರಿಲ್ ಎಂಬುದು ನನ್ನ ತೀರ್ಮಾನ.

ಮಳೆಯ ವಿಷಯದಲ್ಲಿ ಒಂದು ಮಾತು. ನಮ್ಮ ಚರ್ಮದ ಚಪ್ಪಲಿಗೂ ನೀರು ಆಗುವುದಿಲ್ಲ. ಒಣ ನೆಲದ ಮೇಲೆ ನಡೆಯುವವರಿಗೆ ಮಾಡಿದ್ದನ್ನು ಕೆಸರಿನಲ್ಲಿ ಓಡಿಸಿ, ಬಾಳಿಕೆ ಬರಲಿಲ್ಲ ಎಂದು ದೂರುವವರನ್ನು ನಾವೂ ಬಹಳ ಕಂಡಿದ್ದೇವೆ.

ಗರೋನ್ ದಂಡೆ

ನಾನು ಹನ್ನೊಂದು ವರ್ಷಗಳಿಂದ ಫ್ರಾನ್ಸಿನ ತೂಲೂಸ್ ನಗರದಲ್ಲಿದ್ದೇನೆ. ಇಲ್ಲಿಂದ ಪಶ್ಚಿಮಕ್ಕೆ, ಬಾಸ್ಕ್ ಜನರ ಸೂಲ್ ಕಣಿವೆಯಲ್ಲಿ ಮೊಲೆಯೋನ್ ಎಂಬ ಸಣ್ಣ ಪಟ್ಟಣವಿದೆ. ಫ್ರಾನ್ಸಿನಲ್ಲಿ ಎಸ್ಪಡ್ರಿಲ್ಲಿನ ರಾಜಧಾನಿ ಎಂದು ಕರೆಯುವುದು ಅದನ್ನೇ. ಪ್ರತಿ ವರ್ಷ ಆಗಸ್ಟ್ 15ರಂದು ಅಲ್ಲಿ ಎಸ್ಪಡ್ರಿಲ್ ಹಬ್ಬ ನಡೆಯುತ್ತದೆ. ನಾವು ಕೆಲವು ಕನ್ನಡ ಕುಟುಂಬದವರು ಬೆಳಗ್ಗೆ ಧ್ವಜವಂದನೆ ಮುಗಿಸಿ ಒಮ್ಮೆ ಅಲ್ಲಿಗೆ ಹೋಗಿದ್ದೆವು.

ದಬ್ಬಣ ಅವರು ಹೇಳಿದ ಹೊಲಿಗೆಯನ್ನು ಅಲ್ಲಿ ಹತ್ತಿರದಿಂದ ನೋಡಿದೆ. ವಯಸ್ಸಾದ ಹೆಂಗಸೊಬ್ಬರು ಸಣ್ಣ ಬೆಂಚಿನ ಮೇಲೆ ಕುಳಿತು, ಅಟ್ಟೆಯನ್ನು ಮುಂದಿನ ಹಲಗೆಗೆ ಒತ್ತಿ ಹಿಡಿದು, ಸೂಜಿಯನ್ನು ಅಂಗೈಯಿಂದ ದೂಡಿ, ತೋಳನ್ನು ಪೂರ್ತಿ ಹೊರಕ್ಕೆ ಚಾಚಿ ದಾರ ಎಳೆಯುತ್ತಿದ್ದರು. ತುದಿಬೆರಳಿನ ಜಾಗಕ್ಕೆ ಬಂದಾಗ ಬಟ್ಟೆಯನ್ನು ಚೂರುಚೂರೇ ನಿರಿಗೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಒತ್ತಿ, ಅದರ ಮೇಲೆ ಹೊಲಿಗೆ ಹಾಕಿದರು. ನಿರಿಗೆ ಸಮವಾಗಿ ಬರದಿದ್ದರೆ ಮೂತಿ ಸೊಟ್ಟಗಾಗುತ್ತದೆ. ಯಂತ್ರದಲ್ಲಿ ಹೊಲಿದದ್ದಕ್ಕೂ ಕೈಯಲ್ಲಿ ಹೊಲಿದದ್ದಕ್ಕೂ ಇರುವ ವ್ಯತ್ಯಾಸವನ್ನು ಆ ನಿರಿಗೆಯಲ್ಲೇ ಗುರುತಿಸಬಹುದು ಎಂದು ನನಗೆ ತೋರಿಸಿಕೊಟ್ಟರು.

ಮೊಲೆಯೋನಿನ ನಿಜವಾದ ಕಥೆ ಮಾತ್ರ ಹಬ್ಬದ್ದಲ್ಲ. 19ನೆಯ ಶತಮಾನದ ಕೊನೆಯ ದಶಕಗಳಿಂದ 1930ರ ದಶಕದವರೆಗೆ, ಪಿರನೀಸ್ ಪರ್ವತದ ಆಚೆಯ ಸ್ಪೇನಿನ ರೊಂಕಾಲ್, ಆನ್ಸೊ ಮೊದಲಾದ ಕಣಿವೆಗಳಿಂದ ಹೆಣ್ಣುಮಕ್ಕಳು, ಅವರಲ್ಲಿ ಹಲವರು ಇನ್ನೂ ಬಾಲಕಿಯರು, ಅಕ್ಟೋಬರಿನಲ್ಲಿ ಕಪ್ಪು ಉಡುಪು ತೊಟ್ಟು, ಗಂಟು ಹೊತ್ತು, ಕಾಲ್ನಡಿಗೆಯಲ್ಲಿ ಕಣಿವೆ ದಾಟಿ ಇಲ್ಲಿಗೆ ಕೆಲಸಕ್ಕೆ ಬರುತ್ತಿದ್ದರು. ಚಳಿಗಾಲವಿಡೀ ಎಷ್ಟು ಜೋಡಿ ಹೊಲಿದರೋ ಅಷ್ಟಕ್ಕೇ ಕೂಲಿ. ವಸಂತದಲ್ಲಿ ಹಿಮ ಕರಗುವ ಹೊತ್ತಿಗೆ ಮದುವೆಯ ಗಂಟಿಗೆ ಬೇಕಾದ ಬಟ್ಟೆಬರೆಯನ್ನು ಕೊಂಡು ಅದೇ ದಾರಿಯಲ್ಲಿ ಮರಳುತ್ತಿದ್ದರು. ಅವರನ್ನು ಅಂಬರಗುಬ್ಬಿಗಳು ಎಂದು ಕರೆಯುತ್ತಿದ್ದರು. ಯುರೋಪಿನಲ್ಲಿ ಅಂಬರಗುಬ್ಬಿ ಶರತ್ಕಾಲದಲ್ಲಿ ಗೂಡು ಬಿಟ್ಟು ಹೋಗಿ ವಸಂತದಲ್ಲಿ ಮರಳುವ ಹಕ್ಕಿ. ಆದ್ದರಿಂದ ಆ ಹೆಸರು ಹೊಂದುವುದು ಅವರನ್ನು ಕಳುಹಿಸಿ ಕಾಯುತ್ತಿದ್ದ ಊರುಗಳ ಕಡೆಯಿಂದ ನೋಡಿದಾಗ ಮಾತ್ರ. ಮೊಲೆಯೋನಿನವರ ಪಾಲಿಗೆ ಅವರು ತಿರುಗುಮುರುಗಾಗಿ ಹಾರಿದ ಹಕ್ಕಿಗಳು.

ಬೇಸಿಗೆಯ ಮೆಟ್ಟೆಂದು ನಾವು ಹಗುರವಾಗಿ ಹೇಳುವ ಈ ವಸ್ತುವನ್ನು ಹೊಲಿದದ್ದು ಹೀಗೆ ಚಳಿಗಾಲದ ಕೂಲಿಯವರು. ಅದನ್ನು ಹೆಚ್ಚಾಗಿ ಕೊಂಡವರೂ ಸಮುದ್ರತೀರದ ಪ್ರವಾಸಿಗಳಾಗಿರಲಿಲ್ಲ. ಉತ್ತರ ಫ್ರಾನ್ಸಿನ ಕಲ್ಲಿದ್ದಲು ಗಣಿಗಳ ಕಾರ್ಮಿಕರೂ ದಕ್ಷಿಣ ಅಮೆರಿಕಕ್ಕೆ ವಲಸೆ ಹೋದವರೂ ಮೊಲೆಯೋನಿನ ದೊಡ್ಡ ಗಿರಾಕಿಗಳಾಗಿದ್ದರು.

ಕರಾವಳಿ ಕೊಡೆ

ಎಲ್ಲವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ಮಂಗಳೂರಿನಲ್ಲಿರುವ ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪಾದರಕ್ಷೆಯನ್ನು ಕಪಾಟಿನಲ್ಲಿಟ್ಟು ನೋಡುವ ಭಾಗ್ಯ ಮಾತ್ರ ಇದೆ. ಕಪಾಟಿನಲ್ಲಿಟ್ಟರೂ ಬೂಷ್ಟು ಹಿಡಿಯುತ್ತದೆ ಎಂಬುದನ್ನು ಅನುಭವದಿಂದ ತಿಳಿಸುತ್ತಿದ್ದೇನೆ. ಗಣಿಯಲ್ಲಿ ನೀರಿರುವುದಿಲ್ಲವೇ? ಅಲ್ಲಿ ಇದನ್ನು ಹೇಗೆ ಮೆಟ್ಟುತ್ತಿದ್ದರು?

ಗರೋನ್ ದಂಡೆ

ಬಾಳಿಕೆ ಬರುತ್ತದೆಂಬ ಭ್ರಮೆ ಅವರಿಗೆ ಇದ್ದಂತಿಲ್ಲ. ಅಗ್ಗವಾಗಿತ್ತು, ಸವೆದರೆ ಇನ್ನೊಂದು ಜೋಡಿ, ಅಷ್ಟೇ ಲೆಕ್ಕ. ಇಕ್ಕಟ್ಟಾದ ಸುರಂಗದಲ್ಲಿ ಬಾಗಿ ತೆವಳುವವನಿಗೆ ಭಾರವಾದ ಬೂಟಿಗಿಂತ ಬಾಗುವ ಅಟ್ಟೆ ಅನುಕೂಲ.

ರಾಂಬ್ಲಾ ಬೀದಿ

ಫ್ರಾನ್ಸಿನ ಕಥೆ ಸಾಕಷ್ಟಾಯಿತು, ಇನ್ನು ನಮ್ಮ ಬಾರ್ಸೆಲೋನಾದ ಕಡೆಗೂ ಸ್ವಲ್ಪ ನೋಡಬೇಕು. ಅಲ್ಲಿ ಐದು ವರ್ಷ ಇದ್ದು ಬಂದವಳು ನಾನು. ಹಳೆಯ ಊರಿನ ಅವಿನ್ಯೋ ಬೀದಿಯಲ್ಲಿರುವ ಲಾ ಮನ್ವಾಲ್ ಅಲ್ಪಾರ್ಗತೇರಾ ಎಂಬ ಅಂಗಡಿ 1940ರ ದಶಕದ ಆರಂಭದ್ದು. ಗೋಡೆಯುದ್ದಕ್ಕೂ ಸೂರಿನವರೆಗೆ ಜೋಡಿಗಳನ್ನು ಒಟ್ಟಿರುತ್ತಾರೆ, ಒಳಗೆ ಕಾಲಿಟ್ಟರೆ ಕಿರಾಣಿ ಅಂಗಡಿಯ ಹೊಸ ಗೋಣಿಚೀಲಗಳ ವಾಸನೆ. ಮ್ಯಾಡ್ರಿಡ್‌ನಲ್ಲಿ ತೊಲೆದೊ ಬೀದಿಯ ಕಾಸಾ ಎರ್ನಾನ್ಸ್ ಇದಕ್ಕಿಂತಲೂ ಹಳೆಯದು, 19ನೆಯ ಶತಮಾನದ್ದು. ಬೇಸಿಗೆ ಶುರುವಾದರೆ ಅದರ ಮುಂದಿನ ಸರತಿ ಸಾಲು ಬೀದಿಯುದ್ದಕ್ಕೂ ಬೆಳೆದಿರುತ್ತದೆ.

ಕ್ಯಾಟಲಾನರಿಗೆ ಎಸ್ಪರ್ದೆನ್ಯ ಬರಿಯ ಬೇಸಿಗೆಯ ಮೆಟ್ಟಲ್ಲ. ಸರ್ದಾನಾ ಎಂಬ ವೃತ್ತನೃತ್ಯವನ್ನು ಮಾಡುವವರು ಕಣಕಾಲಿಗೆ ಪಟ್ಟಿ ಸುತ್ತಿದ ಎಸ್ಪರ್ದೆನ್ಯವನ್ನೇ ಮೆಟ್ಟುತ್ತಾರೆ. ಕ್ಯಾಟಲೋನಿಯಾದ ಪೊಲೀಸ್ ಪಡೆಯವರ ವಿಶೇಷ ಸಮಾರಂಭಗಳ ಸಮವಸ್ತ್ರದಲ್ಲಿಯೂ ಅದು ಸೇರಿದೆ. ಎತ್ತರದ ಟೋಪಿ, ಉದ್ದ ಕೋಟು, ಕೆಳಗೆ ಹಗ್ಗದ ಮೆಟ್ಟು ಇರುವ ಪೊಲೀಸರನ್ನು ಮೊದಲ ಸಲ ನೋಡಿದಾಗ ನಾನು ನಾಟಕ ಕಂಪನಿಯವರೆಂದೇ ತಿಳಿದಿದ್ದೆ. ಚಿತ್ರಕಾರ ಸಾಲ್ವದೋರ್ ದಾಲಿ ಪಟ್ಟಿ ಸುತ್ತಿದ ಎಸ್ಪರ್ದೆನ್ಯ ಮೆಟ್ಟಿರುವ ಹಲವು ಛಾಯಾಚಿತ್ರಗಳಿವೆ. ಹಳ್ಳಿಯ ರೈತರ ಮೆಟ್ಟನ್ನು ಆತ ಬೇಕೆಂದೇ ಆರಿಸಿಕೊಂಡದ್ದು ಎಂದು ನನಗನ್ನಿಸುತ್ತದೆ. ದಾಲಿಗೆ ಕಾಕತಾಳೀಯವಾದ ಉಡುಪು ಯಾವುದೂ ಇರಲಿಲ್ಲ.

1936ರಿಂದ 1939ರವರೆಗಿನ ಸ್ಪೇನಿನ ಅಂತರ್ಯುದ್ಧದಲ್ಲಿ ಇದು ಸೈನಿಕರ ಕಾಲಿನಲ್ಲಿತ್ತು. ಗಣರಾಜ್ಯದ ಪರವಾಗಿ ಹೋರಾಡಲು ಹೊರದೇಶಗಳಿಂದ ಬಂದ ಸ್ವಯಂಸೇವಕರಲ್ಲಿ ಅನೇಕರು ರಾತ್ರಿಯ ಹೊತ್ತು ಗುಟ್ಟಾಗಿ ಪಿರನೀಸ್ ದಾಟುವಾಗ, ಬೂಟುಗಳನ್ನು ಕಳಚಿ ಅಲ್ಪಾರ್ಗಾತ ಮೆಟ್ಟಿಕೊಂಡರು. ಬಂಡೆಯ ಮೇಲೆ ಜಾರುವುದಿಲ್ಲ, ಸದ್ದೂ ಆಗುವುದಿಲ್ಲ. ಕಾಸ್ತಾನ್ಯೇರ್ ಎಂಬ ಮನೆತನದವರು 1927ರಲ್ಲಿ ಬನ್ಯೋಲೆಸ್ ಊರಿನಲ್ಲಿ ಆರಂಭಿಸಿದ ಕಾರ್ಖಾನೆಯನ್ನು ಆ ಯುದ್ಧಕಾಲದಲ್ಲಿ ಸರ್ಕಾರ ವಶಪಡಿಸಿಕೊಂಡಿತು, ಪಾದರಕ್ಷೆಯೂ ಯುದ್ಧಸಾಮಗ್ರಿಯಾಗಿತ್ತು.

ಅದೇ ಕಾಸ್ತಾನ್ಯೇರ್ ದಂಪತಿಯನ್ನು 1970ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ವಸ್ತ್ರಮೇಳದಲ್ಲಿ ಭೇಟಿಯಾದ ವಿನ್ಯಾಸಕಾರ ಈವ್ ಸ್ಯಾಂ ಲೊರಾಂ, ಎತ್ತರದ ಹಿಮ್ಮಡಿಯ ಹಗ್ಗದ ಅಟ್ಟೆ ಮಾಡಲು ಸಾಧ್ಯವೇ ಎಂದು ಕೇಳಿದ. ರಬ್ಬರು ಚಪ್ಪಲಿ, ಕ್ಯಾನ್ವಾಸ್ ಬೂಟುಗಳ ಹೊಡೆತಕ್ಕೆ ಸಿಕ್ಕಿ ಮುಚ್ಚುವ ಸ್ಥಿತಿಗೆ ಬಂದಿದ್ದ ಉದ್ಯಮ ಆ ಒಂದು ಬೇಡಿಕೆಯಿಂದ ಚೇತರಿಸಿಕೊಂಡಿತು. ಆದ್ದರಿಂದ, ಇದು ಉಳಿದದ್ದು ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಸರಳ. ಬಡವರು ಬಿಟ್ಟುಬಿಟ್ಟ ಹೊತ್ತಿಗೆ ಸರಿಯಾಗಿ ಶ್ರೀಮಂತರು ಎತ್ತಿಕೊಂಡರು.

ಉತ್ಖನನ

ರಾಂಬ್ಲಾ ಬೀದಿಯವರ ಕೊನೆಯ ವಾಕ್ಯವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಫ್ಯಾಷನ್ ಮಳಿಗೆಗಳ ಎತ್ತರದ ಹಿಮ್ಮಡಿಯಿಂದ ಒಂದು ಕಾರ್ಖಾನೆ ಉಳಿದಿರಬಹುದು, ಆದರೆ ತೊಲೆದೊ ಬೀದಿಯ ಸರತಿಯಲ್ಲಿ ನಿಂತವರು ಕೊಳ್ಳುವುದು ಅದನ್ನಲ್ಲ. ಅಡಿ ಸಪಾಟಾದ ಸಾದಾ ಜೋಡಿಯನ್ನು. ರಿಯೋಹಾ ಪ್ರಾಂತದ ಸೆರ್ವೇರಾ ದೆಲ್ ರಿಯೊ ಅಲ್ಹಾಮಾದಂಥ ಸಣ್ಣ ಊರುಗಳು ಇಂದಿಗೂ ಬದುಕುತ್ತಿರುವುದು ಆ ಸಾದಾ ಜೋಡಿಯ ಮೇಲೆಯೇ. ಎಲ್ಚೆ ಪಟ್ಟಣದಲ್ಲಿ ಅಲ್ಪಾರ್ಗಾತದ ಕೈಕಸುಬೇ ಮುಂದೆ ದೊಡ್ಡ ಪಾದರಕ್ಷೆ ಉದ್ಯಮವಾಗಿ ಬೆಳೆಯಿತು.

ಪುಂಡಿನಾರು

ಕೊಪ್ಪಳ ಜಿಲ್ಲೆಯವನು. ನಾರಿನ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ಎಸ್ಪಾರ್ತೊ ಹುಲ್ಲಿನ ಅಟ್ಟೆ ಗಡುಸು. ಆಮೇಲೆ ಸ್ಪೇನಿನವರು ಅದಕ್ಕಿಂತ ಮೆದುವಾದ ಹೆಂಪ್ ನಾರಿಗೆ ಬದಲಾದರು. ಅದರ ನಂತರ ಬಂದದ್ದು ನಮ್ಮ ಬಂಗಾಳದ ಸೆಣಬು. 19ನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಗಿರಣಿಗಳು ಸೆಣಬನ್ನು ಯಂತ್ರದಲ್ಲಿ ನೂಲುವುದನ್ನು ಸಾಧಿಸಿದ ಮೇಲೆ, 1855ರಲ್ಲಿ ಹೂಗ್ಲಿ ನದಿಯ ದಂಡೆಯ ರಿಷ್ರಾದಲ್ಲಿ ಭಾರತದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಅಲ್ಲಿಂದ ಮುಂದೆ ಜಗತ್ತಿನ ಗೋಣಿಚೀಲವೂ ಹುರಿಯೂ ಬಹುಪಾಲು ಬಂಗಾಳದ ನಾರಿನದೇ ಆದವು, ಎಸ್ಪಡ್ರಿಲ್ಲಿನ ಅಟ್ಟೆಯೂ ಹಾಗೆಯೇ. 1947ರ ವಿಭಜನೆಯಲ್ಲಿ ಸೆಣಬಿನ ಹೊಲಗಳು ಹೆಚ್ಚಾಗಿ ಆಚೆಗೆ, ಗಿರಣಿಗಳೆಲ್ಲ ಈಚೆಗೆ ಉಳಿದವು. ಈಗ ನಾರು ಮಾತ್ರವಲ್ಲ, ಸುತ್ತಿ ಹೊಲಿದ ಸಿದ್ಧ ಅಟ್ಟೆಗಳೂ ಬಾಂಗ್ಲಾದೇಶದಿಂದ ಯುರೋಪಿಗೆ ಹೋಗುತ್ತವೆ. ಫ್ರಾನ್ಸಿನಲ್ಲಿ ತಯಾರಾದದ್ದು ಎಂಬ ಚೀಟಿ ಹೊತ್ತ ಜೋಡಿಯಲ್ಲೂ ಅಟ್ಟೆಯ ನಾರು ಪೂರ್ವ ಬಂಗಾಳದ ಕೆರೆಯಲ್ಲಿ ಕೊಳೆಹಾಕಿದ್ದಾಗಿರುವ ಸಾಧ್ಯತೆಯೇ ಹೆಚ್ಚು.

ಕೊಳೆಹಾಕುವುದು ಎಂದರೆ ಏನೆಂದು ನನಗೆ ಮೈಯಿಂದ ಗೊತ್ತು. ನಮ್ಮಲ್ಲಿ ಹೊಲದ ಬದುವಿಗೆ ಪುಂಡಿ ಹಾಕುತ್ತಾರೆ. ಎಲೆ ಪಲ್ಯಕ್ಕೆ, ದಂಟು ನಾರಿಗೆ. ದಂಟಿನ ಸಿವುಡು ಕಟ್ಟಿ, ಹಳ್ಳದ ನಿಂತ ನೀರಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ ಎರಡು ಮೂರು ವಾರ ಬಿಡಬೇಕು. ಆ ಮೇಲೆ ಸೊಂಟದವರೆಗೆ ನೀರಿನಲ್ಲಿ ನಿಂತು ದಂಟು ಬಡಿದು ನಾರು ಸುಲಿಯಬೇಕು. ಆ ನಾತ ಮೂರು ದಿನ ಕೈ ಬಿಡುವುದಿಲ್ಲ. ನಮ್ಮಪ್ಪ ಆ ನಾರನ್ನು ತೊಡೆಯ ಮೇಲೆ ಹೊಸೆದು ಎತ್ತಿನ ಹಗ್ಗ ಮಾಡುತ್ತಿದ್ದರು. ಈಗ ಊರಿನಲ್ಲಿ ಎಲ್ಲರದ್ದೂ ನೈಲಾನ್ ಹಗ್ಗ. ಪುಂಡಿಯೂ ಸೆಣಬಿನ ಜೊತೆಗೇ ಲೆಕ್ಕಕ್ಕೆ ಬರುವ ಮೆಸ್ತಾ ಜಾತಿಯ ನಾರು. ಅದರಿಂದ ಅಟ್ಟೆ ಸುತ್ತಬಹುದೇ ಎಂದು ದಬ್ಬಣ ಅವರು ಹೇಳಬೇಕು.

ಪದಕೋಶ

ಪುಂಡಿನಾರು ಅವರ ಬರಹಕ್ಕೆ ಒಂದು ಅಡಿಮಾತು. ಸೆಣಬಿನ ಇಂಗ್ಲಿಷ್ ಹೆಸರಾದ ಜೂಟ್ ಬಂಗಾಳಿಯಿಂದ ಹೋದದ್ದು, ಅದರ ಮೂಲವನ್ನು ಸಂಸ್ಕೃತದ ಜಟಾ ಪದದ ಬಳಗದಲ್ಲಿ ಹುಡುಕುತ್ತಾರೆ. ನಮ್ಮ ಜಡೆಯೂ ಆ ಬಳಗದ್ದೇ. ಮೊದಲ ಬರಹದಲ್ಲಿ ಬಿಸಿಲುಕುದುರೆಯವರು ಅಟ್ಟೆಯೊಳಗಿನ ಹುರಿಯನ್ನು ಜಡೆ ಎಂದು ಕರೆದದ್ದು ಅವರಿಗೆ ತಿಳಿಯದೆಯೇ ಸರಿಯಾದ ಪದವಾಗಿತ್ತು.

ದಬ್ಬಣ

ಪುಂಡಿಯಿಂದ ಸುತ್ತಬಹುದು. ಆದರೆ ಹುರಿ ಒಂದೇ ದಪ್ಪಕ್ಕೆ ಬರಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ಅಂಗಾಲಿಗೆ ಕಲ್ಲು ಒತ್ತಿದಂತಾಗುತ್ತದೆ. ಕೈಯಲ್ಲಿ ಹೊಸೆದ ಹುರಿಯಿಂದ ಒಂದು ಜೋಡಿ ಮಾಡಿ ನೋಡುವ ಆಸೆ ನನಗೂ ಇದೆ. ನಾರು ಕಳುಹಿಸಿದರೆ ಪ್ರಯತ್ನಿಸುತ್ತೇನೆ.

ಕರಾವಳಿ ಕೊಡೆ

ದಕ್ಷಿಣ ಅಮೆರಿಕದ ಮಾತು ಅರ್ಧಕ್ಕೇ ನಿಂತಿತು. ನನಗೆ ಗೊತ್ತಿರುವಷ್ಟು ಸೇರಿಸುತ್ತೇನೆ. ಅರ್ಜೆಂಟೀನಾದಲ್ಲಿ 1885ರಲ್ಲಿ ಬಾಸ್ಕ್ ಮತ್ತು ಸ್ಕಾಟಿಷ್ ವಲಸೆಗಾರರ ಪಾಲುದಾರಿಕೆಯಲ್ಲಿ ಅಲ್ಪಾರ್ಗಾತಾಸ್ ಎಂಬ ಹೆಸರಿನ ಕಂಪನಿಯೇ ಹುಟ್ಟಿತು. ದನಗಾಹಿಗಳಿಂದ ಹಿಡಿದು ಕಾರ್ಖಾನೆಯ ಕೂಲಿಗಳವರೆಗೆ ಎಲ್ಲರ ಕಾಲಿಗೂ ಅದೇ. 1945ರ ಸುಮಾರಿಗೆ ಅಲ್ಲಿನ ರಾಜಕೀಯ ನಾಯಕ ಪೆರೋನ್ ಅವರ ಬೆಂಬಲಿಗರು 'ಅಲ್ಪಾರ್ಗಾತ ಬೇಕು, ಪುಸ್ತಕ ಬೇಡ' ಎಂದು ಘೋಷಣೆ ಕೂಗುವಷ್ಟರ ಮಟ್ಟಿಗೆ ಅದು ದುಡಿಯುವವರ ಗುರುತಾಗಿತ್ತು. ಅದೇ ಕಂಪನಿಯ ಬ್ರೆಜಿಲ್ ಶಾಖೆ ಮುಂದೆ 1962ರಲ್ಲಿ ಹವಾಯಾನಾಸ್ ಎಂಬ ರಬ್ಬರು ಚಪ್ಪಲಿಯನ್ನು ಹೊರತಂದಿತು. ಅಂದರೆ ಹಗ್ಗದ ಮೆಟ್ಟಿನ ಮಾರುಕಟ್ಟೆಯನ್ನು ಕಸಿದ ರಬ್ಬರು ಚಪ್ಪಲಿಗಳಲ್ಲಿ ಒಂದು ಅದರ ಹೆಸರನ್ನೇ ಹೊತ್ತ ಮನೆಯಿಂದ ಬಂದದ್ದು.

ಅಮೆರಿಕದ ಟಾಮ್ಸ್ ಕಂಪನಿ 2006ರಲ್ಲಿ ಆರಂಭವಾದದ್ದು, ಅದರ ಸ್ಥಾಪಕ ಅರ್ಜೆಂಟೀನಾದಲ್ಲಿ ಇದೇ ಮೆಟ್ಟನ್ನು ನೋಡಿ ಬಂದ ಮೇಲೆ. ಒಂದು ಜೋಡಿ ಕೊಂಡರೆ ಬಡ ಮಗುವಿಗೊಂದು ಜೋಡಿ ಎಂಬ ಅದರ ಯೋಜನೆಗೆ ಹೊಗಳಿಕೆಯೂ ಬಂತು, ದಾನದ ಚಪ್ಪಲಿ ಸ್ಥಳೀಯ ಚಪ್ಪಲಿಯವನ ಹೊಟ್ಟೆಯ ಮೇಲೆ ಹೊಡೆಯುತ್ತದೆ ಎಂಬ ಟೀಕೆಯೂ ಬಂತು. ಈಗ ಕಂಪನಿ ಆ ಕ್ರಮವನ್ನು ಕೈಬಿಟ್ಟಿದೆ.

ರಾಂಬ್ಲಾ ಬೀದಿ

ಬಿಸಿಲುಕುದುರೆಯವರು ಇನ್ನೊಂದು ಜೋಡಿ ಕೊಳ್ಳುವುದಾದರೆ ಕೆಲವು ಮಾತು. ಅಂಗಡಿಯಲ್ಲಿ ಮೆಟ್ಟಿದಾಗ ಸ್ವಲ್ಪ ಬಿಗಿ ಎನಿಸುವುದನ್ನೇ ಆರಿಸಿ, ಬಟ್ಟೆ ಒಂದು ವಾರದಲ್ಲಿ ಹಿಗ್ಗುತ್ತದೆ. ಆರಾಮವಾಗಿದೆಯೆಂದು ಕೊಂಡದ್ದು ಹದಿನೈದು ದಿನಕ್ಕೆ ಹಿಮ್ಮಡಿ ಬಿಟ್ಟು ಜಾರುತ್ತದೆ. ತೊಳೆಯುವ ಯಂತ್ರಕ್ಕೆ ಎಂದಿಗೂ ಹಾಕಬಾರದು. ಕೊಳೆಯಾದರೆ ಬಟ್ಟೆಯ ಭಾಗವನ್ನು ಮಾತ್ರ ಸಾಬೂನು ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿ, ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ಅಕಸ್ಮಾತ್ ನೆನೆದರೆ ಒಳಗೆ ಹಳೆಯ ಪತ್ರಿಕೆಯ ಕಾಗದವನ್ನು ತುರುಕಿ, ಅಟ್ಟೆಯ ಮೇಲೆ ಸಮವಾದ ಭಾರ ಹೇರಿ ಒಣಗಿಸಿದರೆ ದೋಣಿಯಂತೆ ಬಾಗುವುದಿಲ್ಲ.

ಕಲಬುರಗಿ, ರಾಯಚೂರು, ಬಳ್ಳಾರಿಯ ಫೆಬ್ರುವರಿಯಿಂದ ಮೇ ವರೆಗಿನ ಒಣ ಬಿಸಿಲು ಇದು ಹುಟ್ಟಿದ ನಾಡಿನ ಬಿಸಿಲಿಗೆ ತೀರಾ ದೂರದ್ದಲ್ಲ. ಕಾದ ನೆಲದ ಶಾಖ ಹಗ್ಗದ ಸುತ್ತುಗಳನ್ನು ದಾಟಿ ಅಂಗಾಲಿಗೆ ಬೇಗ ಬರುವುದಿಲ್ಲ, ಬೆವರು ನಾರಿನಲ್ಲಿ ಇಂಗಿ ಆರುತ್ತದೆ. ನಾನು ಈಗ ಬಳ್ಳಾರಿಯಲ್ಲಿದ್ದೇನೆ. ಮೂರನೆಯ ಬೇಸಿಗೆಗೂ ಅದೇ ಜೋಡಿ ನಡೆಯುತ್ತಿದೆ.

ಬಿಸಿಲುಕುದುರೆ

ಎಲ್ಲರಿಗೂ ಕೃತಜ್ಞಳು. ಬಿಚ್ಚಿದ ಹುರಿಯನ್ನು ಎಸೆಯಲಿಲ್ಲ. ಸುತ್ತಿ ಸಿಂಬೆ ಮಾಡಿ ಮಣ್ಣಿನ ಹೂಜಿಯ ಕೆಳಗೆ ಇಟ್ಟಿದ್ದೇನೆ. ಸೆಣಬಿಗೆ ನೀರು ಆಗದು ಎಂದು ಇಷ್ಟೆಲ್ಲ ಓದಿದ ಮೇಲೂ ಹಾಗೆ ಮಾಡಿದ್ದಕ್ಕೆ ದಬ್ಬಣ ಅವರು ನಗಬಹುದು.

ಗರೋನ್ ದಂಡೆಯವರೇ, ಮುಂದಿನ ಆಗಸ್ಟಿನಲ್ಲಿ ನೀವು ಮೊಲೆಯೋನಿಗೆ ಹೋಗುವುದಾದರೆ, ಕೈಯಲ್ಲಿ ಹೊಲಿದ ಒಂದು ಜೋಡಿಯನ್ನು ನನಗಾಗಿ ತರಬಹುದೇ? ರಬ್ಬರು ಇಲ್ಲದ್ದು ಸಿಕ್ಕರೆ ಇನ್ನೂ ಸಂತೋಷ. ಅಳತೆಯನ್ನು ಹೇಗೆ ತಿಳಿಸಲಿ?

ಗರೋನ್ ದಂಡೆ

ಖಂಡಿತ ತರುತ್ತೇನೆ. ರಬ್ಬರು ಇಲ್ಲದ್ದನ್ನು ನೃತ್ಯದವರಿಗೆಂದು ಮಾಡುತ್ತಾರೆ, ವಿಚಾರಿಸಬೇಕು. ಆದರೆ ಡಾಂಬರು ರಸ್ತೆಯಲ್ಲಿ ಅದು ಒಂದು ತಿಂಗಳೂ ತಡೆಯುವುದಿಲ್ಲ ಎಂಬುದು ನಿಮಗೆ ತಿಳಿದಿರಲಿ. ಅಳತೆಗೆ, ಕಾಗದದ ಮೇಲೆ ಪಾದವನ್ನೂರಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು ಅದರ ಚಿತ್ರ ಕಳುಹಿಸಿ. ಹಳೆಯ ಪದ್ಧತಿಯ ಜೋಡಿಯಲ್ಲಿ ಎಡ ಬಲ ಎಂಬ ಭೇದವಿಲ್ಲ, ಮೆಟ್ಟುತ್ತ ಮೆಟ್ಟುತ್ತ ಅವೇ ಕಾಲಿಗೆ ಹೊಂದಿಕೊಳ್ಳುತ್ತವೆ. ಆದ್ದರಿಂದ ಒಂದೇ ಪಾದದ ಗೆರೆ ಸಾಕು, ಎರಡರಲ್ಲಿ ದೊಡ್ಡದು ಯಾವುದೋ ಅದರದ್ದು.